ಸೂಜಿಯಪ್ಪನ ಸಹಿ

ಬೆಳಿಗ್ಗೆ ಹತ್ತಕ್ಕೆ ಸೂಜಿಯಪ್ಪನಿಗೆ ಗಡಗಡ ಚಳಿ ಹಿಡಿಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಊರವರ ಬೆರಳು ಚುಚ್ಚಿ ಮಲೇರಿಯಾ ಪತ್ತೆಹಚ್ಚಿದ್ದಕ್ಕೆ ಅವನಿಗೆ ಆ ಹೆಸರು. ಈಗ ತನ್ನ ಬೆರಳನ್ನೇ ಚುಚ್ಚಿಕೊಂಡು, ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಇಣುಕಿದ. ಮಲೇರಿಯಾದ ಪರಾವಲಂಬಿಗಳು ಕರೆಯದೆ ಬಂದ ನೆಂಟರಂತೆ ಹಾಯಾಗಿ ಕೂತಿದ್ದವು. ವರದಿ ಬರೆದು, ಸಹಿ ಹಾಕಿ, ರಜೆ ಕೇಳಲು ಹೋದ.

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ರಕ್ತ ನಿಂದೇ, ಪರೀಕ್ಷೆ ನಿಂದೇ, ಸಹಿನೂ ನಿಂದೇ! ಇದು ನಡೆಯಲ್ಲಪ್ಪ. ಬೇರೆ ಲ್ಯಾಬಿನವರ ಸಹಿ ತಾ."

"ಹಾಗಾದ್ರೆ ಮಾತ್ರೆನೂ ಬೇಡ್ವಾ ಸಾರ್?"

"ಮಾತ್ರೆ ಈಗ್ಲೇ ನುಂಗು. ಅದಕ್ಕೆ ನಿನ್ನ ವರದಿ ಸಾಕು. ರಜೆಗೆ ಸಾಲದು."

ಸೂಜಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಇಡೀ ಊರು ನಂಬುವ ಕಣ್ಣು ತನ್ನ ರಕ್ತದ ಮಟ್ಟಿಗೆ ಮಾತ್ರ ಕುರುಡೇ? ಎಂಥಾ ಅನ್ಯಾಯ!

ರಕ್ತ ತೆಗೆಯಲು ಬಂದ ನರ್ಸಕ್ಕನಿಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ.

"ಅಕ್ಕಾ, ಅದು ನನ್ನ ಕೈ, ದಿಂಬಲ್ಲ!"

"ಇರುವೆ ಕಚ್ಚಿದ ಹಾಗೆ ಅಷ್ಟೇ ಅಂತ ಊರಿಗೆಲ್ಲ ಹೇಳ್ತಿದ್ದೋನು ನೀನೇ ತಾನೆ? ಸುಮ್ನಿರೋ."

ಮೂರನೆಯ ಸಲ ರಕ್ತ ಬಂತು. ಅಷ್ಟರಲ್ಲಿ ಗುಮಾಸ್ತರು ಅಡ್ಡ ಬಂದರು. "ಒಂದು ಟ್ಯೂಬ್ ಸಾಲದು ಕಣ್ರೀ. ಏನೇ ಕಳಿಸಿದ್ರೂ ಎರಡು ಪ್ರತಿ ಇರ್ಬೇಕು."

"ಇದು ಅರ್ಜಿಯಲ್ಲ, ನನ್ನ ರಕ್ತ!" ಎಂದು ಸೂಜಿಯಪ್ಪ ಕೂಗಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯ ಸಲವೂ ಚುಚ್ಚಿಸಿಕೊಂಡ.

ಟ್ಯೂಬುಗಳು ಪೆಟ್ಟಿಗೆಯಲ್ಲಿ ಜಿಲ್ಲೆಯ ದೊಡ್ಡ ಲ್ಯಾಬಿಗೆ ಹೋದವು. ಸೂಜಿಯಪ್ಪ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಹಲ್ಲು ಕಟಕಟಿಸುತ್ತ, ಸಾಲಾಗಿ ನಿಂತ ರೋಗಿಗಳ ಬೆರಳು ಚುಚ್ಚುತ್ತ ಕೂತ. "ನಿನ್ನ ಕೈ ನಡುಗ್ತಿದೆಯಲ್ಲಪ್ಪ, ರಜೆ ಹಾಕ್ಬಾರ್ದಾ?" ಎಂದು ಒಬ್ಬ ಅಜ್ಜಿ ಕೇಳಿದಾಗ ಅವನಿಗೆ ಅಳುವೇ ಬಂತು.

ಸಂಜೆ ನಾಲ್ಕಕ್ಕೆ ಪೆಟ್ಟಿಗೆ ವಾಪಸು ಬಂತು. ಅಂತೂ ರಜೆ ಸಿಕ್ಕಿತೆಂದು ಆತುರಾತುರವಾಗಿ ತೆರೆದ. ಒಳಗೆ ಅವನವೇ ಎರಡು ಟ್ಯೂಬು, ಜೊತೆಗೊಂದು ಪತ್ರ: "ನಮ್ಮ ಟೆಕ್ನಿಷಿಯನ್ ಮಲೇರಿಯಾದಿಂದ ಹತ್ತು ದಿನದ ರಜೆಯಲ್ಲಿದ್ದಾರೆ. ಆದ್ದರಿಂದ ಈ ರಕ್ತವನ್ನು ತಾವೇ ಪರೀಕ್ಷಿಸತಕ್ಕದ್ದು. ಅವರ ರಜೆ ಮಂಜೂರಾದದ್ದು ಬರೀ ನಂಬರು ಹಾಕಿ ಕಳಿಸಿದ್ದ ಅವರ ರಕ್ತವನ್ನು ನಿನ್ನೆ ತಾವು ಪರೀಕ್ಷಿಸಿ, ಸಹಿ ಹಾಕಿ ಕಳಿಸಿದ ವರದಿಯ ಆಧಾರದ ಮೇಲೆಯೇ ಎಂದು ತಿಳಿಸಲು ಸಂತೋಷಿಸುತ್ತೇವೆ."

ದೊಡ್ಡ ಡಾಕ್ಟರು ಪತ್ರ ಓದಿ, ಹೆಮ್ಮೆಯಿಂದ ಅವನ ಬೆನ್ನು ತಟ್ಟಿದರು.

"ನೋಡಿದ್ಯಾ, ನಿನ್ನ ಸಹಿಗೆ ಎಂಥಾ ತೂಕ! ನಿನಗೂ ರಜೆ ಕೊಟ್ರೆ ಜಿಲ್ಲೆಗೆ ಗತಿ ಯಾರಪ್ಪಾ?"