ಕೊಂಡಮ್ಮನ ಸುಟ್ಟ ಕೈಗೆ ಹರಿದ ನೀರು

ಸಂಖ್ಯೆ: ಸು.ಗಾ./ನೀ.ವ್ಯ./17/2024-25
ದಿನಾಂಕ: 24ನೇ ಜೂನ್ 2024

ಸುತ್ತೋಲೆ

ವಿಷಯ: ಸುಟ್ಟ ಗಾಯಗಳ ಮೇಲೆ ಪೂರ್ವಾನುಮತಿಯಿಲ್ಲದೆ ಇಪ್ಪತ್ತು ನಿಮಿಷ ಕೊಳಾಯಿ ನೀರು ಹರಿಸುವ ಪ್ರವೃತ್ತಿಯನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ಆರೋಗ್ಯ ಕೇಂದ್ರದ ನೀರಿನ ತೊಟ್ಟಿ ಖಾಲಿಯಾದಾಗ ಬಂದ ಸದ್ದು.
2) ಶುಶ್ರೂಷಕಿ ಚಂದ್ರಕಲಾ ಅವರ ವಿವರಣೆ (ಎರಡೇ ಸಾಲು).

ಪ್ರಸ್ತಾವನೆ:

ಜೂನ್ 3ರ ಸೋಮವಾರ ಬೆಳಿಗ್ಗೆ ಮುಳಬಾಗಿಲು ಸೀಮೆಯ ಮೇಲೆ ಮೋಡ ಕವಿದು, ಪಡುವಣ ಗಾಳಿ ತಣ್ಣಗೆ ಬೀಸಿ, ಇನ್ನೇನು ಮಳೆ ಬಂತು ಎಂದು ಆಸೆ ತೋರಿಸಿ, ಒಂದು ಹನಿಯೂ ಉದುರಿಸದೆ ಆಂಧ್ರದ ಕಡೆಗೆ ಹೊರಟುಹೋಗಿರುತ್ತದೆ. ಮೇಲಿನವನ ಈ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಅವಕಾಶವಿರುವುದಿಲ್ಲ.

ಅದೇ ಬೆಳಿಗ್ಗೆ ಬೈರಕೂರು ಕಡೆಯ ಮಾವಿನ ತೋಪಿನಲ್ಲಿ, ಕಾಯಿ ಕೀಳುವ ಮೂವತ್ತು ಆಳುಗಳಿಗೆ ಮುದ್ದೆ ತೊಳಸುತ್ತಿದ್ದ ಕೊಂಡಮ್ಮ ಎಂಬುವರ ಬಲಗೈ ಮೇಲೆ ಕುದಿಯುವ ಎಸರು ಚೆಲ್ಲಿರುತ್ತದೆ. ಸುತ್ತಲಿದ್ದ ಹೆಂಗಸರು ಕೈಗೆ ಸಿಕ್ಕ ಟೂತ್‌ಪೇಸ್ಟು ಹಾಗೂ ರಾಗಿಹಿಟ್ಟನ್ನು ಮೊಳಕೈವರೆಗೆ ಮೆತ್ತಿ, ಕೈ ಯಾವುದು ಮುದ್ದೆ ಯಾವುದು ಎಂದು ತಿಳಿಯದಂತೆ ಮಾಡಿ, ಆಟೋದಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆತಂದಿರುತ್ತಾರೆ. ಚಂದ್ರಕಲಾ ಅವರು ಆಕೆಯನ್ನು ಚೀಟಿಯ ಸಾಲಿನಲ್ಲಿ ನಿಲ್ಲಿಸದೆ ನೇರ ಕೊಳಾಯಿಯ ಬಳಿ ಕೂರಿಸಿ, ಮೆತ್ತಿದ್ದನ್ನೆಲ್ಲ ತೊಳೆದು, ಗೋಡೆ ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ ತಣ್ಣೀರು ಹರಿಸಿರುತ್ತಾರೆ.

ತೊಟ್ಟಿಯ ಉಸ್ತುವಾರಿ ಹೊತ್ತ ಅಟೆಂಡರ್ ಮುನಿರಾಮಪ್ಪನವರು, ಟ್ಯಾಂಕರ್ ಬರುವುದು ನಾಳಿದ್ದು ಎಂದು ಎಚ್ಚರಿಸಿದಾಗ ಸದರಿ ಶುಶ್ರೂಷಕಿಯು, "ನೀರು ನಾಳಿದ್ದಾದ್ರೂ ಬರ್ತದೆ ಮುನಿರಾಮಣ್ಣ, ಸುಟ್ಟ ತೊಗಲು ಬರ್ತದಾ?" ಎಂದು ಕೇಳಿರುತ್ತಾರೆ. ಈ ಪ್ರಶ್ನೆಗೆ ಕಚೇರಿಯ ಯಾವ ಕಡತದಲ್ಲಿಯೂ ಉತ್ತರ ದೊರೆಯದ ಕಾರಣ, ಪ್ರಶ್ನೆಯನ್ನು ಅಶಿಸ್ತೆಂದು ಪರಿಗಣಿಸಲಾಗಿದೆ. ವ್ಯಯವಾದ 240 ಲೀಟರ್ ನೀರನ್ನು ಜೂನ್ 24ರ ಸಂಜೆ ಐದರೊಳಗೆ ತೊಟ್ಟಿಗೆ ತುಂಬಿಕೊಡತಕ್ಕದ್ದು, ತಪ್ಪಿದಲ್ಲಿ ಹದಿನಾಲ್ಕು ವರ್ಷದಿಂದ ಗಾಯಕ್ಕೆ ಪಟ್ಟಿ ಕಟ್ಟುತ್ತಿರುವ ಅವರನ್ನು ಹಳೆಯ ಕಡತಗಳಿಗೆ ದಾರ ಕಟ್ಟುವ ಕೊಠಡಿಗೆ ವರ್ಗಾಯಿಸಲಾಗುವುದೆಂದು ನೋಟಿಸ್ ನೀಡಲಾಗಿದೆ.

"ಬಾಯಾರಿದವರಿಗೆ ನೀರು ಕೊಡುವುದು ಪುಣ್ಯವೆಂದು ನಮ್ಮಜ್ಜಿ ಹೇಳುತ್ತಿದ್ದರು. ಆ ಕೈ ಬಾಯಾರಿತ್ತು" ಎಂಬುದು ಅವರ ವಿವರಣೆ. ಪುಣ್ಯವನ್ನು ಅಳೆಯುವ ಮೀಟರ್ ಈ ಕಚೇರಿಗೆ ಸರಬರಾಜಾಗಿಲ್ಲದ ಕಾರಣ ಅದನ್ನು ತಿರಸ್ಕರಿಸಿ, ಈ ಕೆಳಕಂಡ ನಿಯಮಗಳನ್ನು ಸಮಸ್ತರ ಗಮನಕ್ಕೆ ತರಲಾಗಿದೆ.

1. ಸುಟ್ಟುಕೊಳ್ಳಲಿಚ್ಛಿಸುವ ಸಾರ್ವಜನಿಕರು ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಟ್ಯಾಂಕರ್ ಬರುವ ಬುಧವಾರ ಹಾಗೂ ಶನಿವಾರಗಳಂದು ಸುಟ್ಟುಕೊಳ್ಳುವವರಿಗೆ ಆದ್ಯತೆ ನೀಡಲಾಗುವುದು.

2. ಕೊಂಡಮ್ಮನವರು ತಮ್ಮ ಅಹವಾಲನ್ನು "ಮಂಟಮ್ಮಾ, ಮಂಟ" ಎಂದು, ಅಂದರೆ ಉರಿಯುತ್ತಿದೆ ಎಂದು, ತೆಲುಗಿನಲ್ಲಿ ಮಂಡಿಸಿರುತ್ತಾರೆ. ಇನ್ನು ಮುಂದೆ ಉರಿಯನ್ನು ಆಡಳಿತ ಭಾಷೆಯಲ್ಲಿಯೇ, ಎರಡು ಪ್ರತಿಗಳಲ್ಲಿ ಅನುಭವಿಸತಕ್ಕದ್ದು.

3. ಅನುಮತಿ ಬರುವವರೆಗೆ ಸಿಬ್ಬಂದಿಯು ಗಾಯದ ಮೇಲೆ ಬಾಯಿಂದ ಊದಬಹುದಾಗಿದೆ. ಗಾಳಿಯು ಸದ್ಯಕ್ಕೆ ಟ್ಯಾಂಕರ್ ಮೂಲಕ ಬರುತ್ತಿಲ್ಲವಾದ್ದರಿಂದ ಅಭ್ಯಂತರವಿಲ್ಲ. ಆದರೆ ಒಬ್ಬ ರೋಗಿಗೆ ಮೂರು ಸಲಕ್ಕಿಂತ ಹೆಚ್ಚು ಊದಲು ಮೇಲಧಿಕಾರಿಗಳ ಮೇಲುರುಜು ಅಗತ್ಯ.

4. ಗಾಯದ ಮೇಲೆ ಏಳುವ ಬೊಬ್ಬೆಗಳೊಳಗಿನ ನೀರನ್ನು ಇಲಾಖೆಯ ನೀರಿನ ಮುಂದುವರಿದ ಭಾಗವೆಂದು ಭಾವಿಸಲಾಗಿದೆ. ಅಳತೆಗೆ ಹೋದ ಸಿಬ್ಬಂದಿಗೆ ಚಂದ್ರಕಲಾ ಅವರು, ಬೊಬ್ಬೆ ಒಡೆದರೆ ಕೀವು ಹಿಡಿಯುತ್ತದೆಂದು ಹೇಳಿ ಒಂದನ್ನೂ ಮುಟ್ಟಗೊಟ್ಟಿರುವುದಿಲ್ಲ. ವಾರ ಕಳೆಯುವುದರೊಳಗೆ ಬೊಬ್ಬೆಗಳು ಇಲಾಖೆಗೆ ತಿಳಿಸದೆ ತಾವಾಗಿಯೇ ಬತ್ತಿರುತ್ತವೆ. ಈ ಬಗ್ಗೆ ಬೊಬ್ಬೆಗಳಿಂದ ವಿವರಣೆ ಕೇಳಲಾಗಿದೆ.

5. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯಿದೆ. ತೋಡಬಹುದು. ಆದರೆ ಅಂತರ್ಜಲದವರ ನಿರಾಕ್ಷೇಪಣಾ ಪತ್ರ ಬರುವವರೆಗೆ ಬೆಂಕಿಯನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಂಡು ಬರತಕ್ಕದ್ದು.

6. ಮುನಿರಾಮಪ್ಪನವರು ಮೇಲ್ಕಂಡ ನೋಟಿಸನ್ನು, ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದ ಕೊಂಡಮ್ಮನವರಿಗೆ ಬಾಗಿಲಲ್ಲೇ ಓದಿ ಹೇಳಿರುತ್ತಾರೆ. ಆಕೆಯು, "ನನ್ ಕೈಗೆ ಹುಯ್ದ ನೀರು, ಆಯಮ್ಮ ಯಾಕೆ ತುಂಬಬೇಕು?" ಎಂದಷ್ಟೇ ಕೇಳಿ ಹೊರಟುಹೋಗಿರುತ್ತಾರೆ. ಹೊರರೋಗಿಗಳು ಇಂತಹ ಒಳಗಿನ ಪ್ರಶ್ನೆಗಳನ್ನು ಕೇಳತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ.

7. ಕೈ ವಾಸಿಯಾಗಿರುವುದು ಗಮನಕ್ಕೆ ಬಂದಿದೆ. ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಸಹಿ/-
(ಗಂಗಾಧರ್)
ಅಧೀಕ್ಷಕರು
ನೀರು, ಗಾಯ ಮತ್ತು ಇತರೆ ಸೋರಿಕೆಗಳ ಶಾಖೆ

ಪ್ರತಿಗಳು:

1. ಶ್ರೀಮತಿ ಚಂದ್ರಕಲಾ, ಶುಶ್ರೂಷಕಿ. ಸದರಿಯವರು ಬೇರೊಬ್ಬರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ ಕಾರಣ, ಮುಗಿಸಿ ಕೈ ತೊಳೆದು, ತಡವಾಗಿ ಸ್ವೀಕರಿಸಿರುತ್ತಾರೆ.

2. ಶ್ರೀ ಮುನಿರಾಮಪ್ಪ, ಅಟೆಂಡರ್. ಯಾರಿಗೂ ಓದಿ ಹೇಳಬಾರದೆಂಬ ಷರತ್ತಿನೊಂದಿಗೆ.

3. ಜೂನ್ 3ರ ಮೋಡಗಳು. ವಿಳಾಸ ಲಭ್ಯವಿಲ್ಲ.

4. ಕಚೇರಿ ಕಡತಕ್ಕೆ.

5. ಶ್ರೀಮತಿ ಕೊಂಡಮ್ಮ. ಮನೆಯಲ್ಲಿ ಇಲ್ಲದ ಕಾರಣ ತಲುಪಿಸಲಾಗಿಲ್ಲ. ಇಂದು ಸಂಜೆ ನಾಲ್ಕೂ ಮುಕ್ಕಾಲಿಗೆ ಆಕೆಯು ಆರೋಗ್ಯ ಕೇಂದ್ರದ ಹಿಂದಿನ ತೊಟ್ಟಿಯ ಬಳಿ ಕಂಡುಬಂದರೆಂದು ಪ್ರತಿ ಒಯ್ದ ಮುನಿರಾಮಪ್ಪನವರ ವರದಿ. ತೋಪಿನ ಬೋರ್‌ವೆಲ್ ನೀರನ್ನು ಕಾಯಿ ಸಾಗಿಸುವ ಟೆಂಪೋದಲ್ಲಿಟ್ಟುಕೊಂಡು, ಎಂಟು ದಿನಗಳಿಂದ ದಿನಕ್ಕೆರಡು ಬಿಂದಿಗೆಯಂತೆ ತಂದು ಸುರಿಯುತ್ತಿದ್ದು, ಇಂದಿನದು ಹದಿನಾರನೆಯ ಬಿಂದಿಗೆ. ಬಿಂದಿಗೆಗೆ ಹದಿನೈದು ಲೀಟರ್. ಎಳೆಯ ತೊಗಲು ಬಂದಿರುವ ಬಲಗೈಯನ್ನು ತೊಟ್ಟಿಯ ಅಂಚಿಗೆ ತಾಕದಂತೆ ಎತ್ತಿ ಹಿಡಿದು, ಎಡಗೈಯಲ್ಲೇ ಬಿಂದಿಗೆ ಬಗ್ಗಿಸಿ, ಕೊನೆಯ ಹನಿ ಇಳಿಯುವವರೆಗೆ ಕಾದು, ಮುಚ್ಚಳ ಹಾಕಿ, ಟೆಂಪೋ ಹತ್ತಿ ಹೋಗಿರುತ್ತಾರೆ.