ಚಪ್ಪಡಿಯ ಮೇಲೆ ನಿಂತ ಬೀಗರು

ಮಗಳು ಪಲ್ಲವಿಯನ್ನು ನೋಡಲು ತಿ. ನರಸೀಪುರದಿಂದ ಗಂಡಿನ ಕಡೆಯವರು ನಾಲ್ಕು ಗಂಟೆಗೆ ಬರುವವರಿದ್ದರು. ಚಿಕ್ಕಮಾದುವಿಗೆ ಬೆಳಗಿನಿಂದ ಕೈಕಾಲು ನಡುಕ. ಧೈರ್ಯಕ್ಕಿರಲಿ ಎಂದು ಮೂರು ಗಂಟೆಗೆ ಒಂದು ಕ್ವಾರ್ಟರ್ ಏರಿಸಿದ. ನಡುಕವೇನೋ ನಿಂತಿತು, ಕಾಲು ಮಾತ್ರ ಹೇಳಿದ ಮಾತು ಕೇಳದಾಯಿತು.

ಊರೊಳಗೆ ಕುಡಿದು ಓಡಾಡಿದವರನ್ನು ಕತ್ತಲಾಗುವವರೆಗೆ ಪಂಚಾಯ್ತಿ ಕಚೇರಿಯ ಬಾಗಿಲಲ್ಲಿ ಕೂರಿಸಬೇಕೆಂದು ಹೋದ ತಿಂಗಳಷ್ಟೇ ಠರಾವಾಗಿತ್ತು. ಮನೆಯತ್ತ ವಾಲುತ್ತಿದ್ದವನನ್ನು ಅಧ್ಯಕ್ಷೆ ಪುಟ್ಟಲಕ್ಷ್ಮಿ ತಾವೇ ಅಡ್ಡಗಟ್ಟಿದರು. ಚಿಕ್ಕಮಾದು ಹಿಂದೆ ಸರಿದು ನಂಜನಗೂಡಿನ ಹೆದ್ದಾರಿಗೆ ಹಾರಿದ.

"ಇದು ಸರ್ಕಾರದ ರೋಡು ಕಣಕ್ಕ. ನಿಮ್ ಠರಾವು ಇಲ್ಲೀಗಂಟ ಬರಾಕಿಲ್ಲ."

"ನಿಜ ಕಣ್ಲಾ, ಇಲ್ಲಿಗೆ ನಾನ್ ಬತ್ತೀನಿ," ಎಂದ ಹೆಡ್ ಕಾನ್‌ಸ್ಟೇಬಲ್ ಚೆಲುವಯ್ಯ, ಬೈಕಿನಿಂದ ಇಳಿಯುತ್ತ. "ರೋಡಲ್ಲಿ ಕುಡ್ದು ತೂರಾಡೋದು ಸರ್ಕಾರದ ಕೇಸು. ನಡಿ ಸ್ಟೇಷನ್‌ಗೆ."

ಊರಿಗೂ ಹೆದ್ದಾರಿಗೂ ನಡುವೆ ಚರಂಡಿ, ಅದರ ಮೇಲೊಂದು ಕಲ್ಲುಚಪ್ಪಡಿ. ಬಡಪಾಯಿ ಅದರ ಮೇಲೆ ಹತ್ತಿ ನಿಂತ.

"ನಮ್ಮೂರೋನು, ನಮಗ್ ಬಿಡಿ ಸಾ," ಎಂದರು ಅಧ್ಯಕ್ಷೆ.

"ಪಂಚಾಯ್ತಿ ಠರಾವು ಅಂದ್ರೆ ಕಾನೂನಾ ಮೇಡಂ?" ಎಂದ ಚೆಲುವಯ್ಯ.

"ಚಪ್ಪಡಿ ಯಾರ್ದು ಅಂತ ಮೊದ್ಲು ತೀರ್ಮಾನ ಮಾಡ್ಕಳಿ. ಅಲ್ಲೀಗಂಟ ನಾನ್ ಇಳಿಯಾಕಿಲ್ಲ," ಎಂದ ಚಿಕ್ಕಮಾದು.

ಅದನ್ನು ಹಾಕಿಸಿದ್ದು ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ವಾದ ಬೆಳೆಯಿತು. ಗಂಟೆ ನಾಲ್ಕಾಯಿತು, ಚಿಕ್ಕಮಾದುವಿಗೆ ಅಳುವೇ ಬಂತು.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. "ಚಿಕ್ಕಮಾದು ಅನ್ನೋರ ಮನೆ ಯಾವ್ದು? ನಾನು ರಂಗನಾಯಕ, ನರಸೀಪುರ. ಮಗನಿಗೆ ಎಣ್ ನೋಡಾಕ್ ಬಂದಿವ್ನಿ."

ಚಿಕ್ಕಮಾದು ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡ. ಎಷ್ಟಾದರೂ ಊರ ಹೆಣ್ಣಿನ ಮದುವೆಯ ವಿಷಯ. ಪುಟ್ಟಲಕ್ಷ್ಮಿಯ ಮನಸ್ಸು ಕರಗಿತು. "ಅಪ್ಪಟ ಚಿನ್ನ ಕಣ್ರೀ. ಜನ್ಮದಲ್ಲಿ ಒಂದ್ ತೊಟ್ಟು ಮುಟ್ದೋನಲ್ಲ," ಎಂದರು.

"ವಾಸ್ನೆ ಬಡುದ್ರೂ ಆಗಾಕಿಲ್ಲ ಅವನಿಗೆ, ನಾನ್ ಗ್ಯಾರಂಟಿ," ಎಂದು ಚೆಲುವಯ್ಯನೂ ದನಿಗೂಡಿಸಿದ. ಟವೆಲ್ಲಿನೊಳಗೇ ಚಿಕ್ಕಮಾದು ಇಬ್ಬರಿಗೂ ಮನಸ್ಸಿನಲ್ಲಿ ಕೈಮುಗಿದ.

ರಂಗನಾಯಕನ ಮುಖ ಬಾಡಿತು. "ಒಂದ್ ತೊಟ್ಟೂ ಇಲ್ವಾ? ಬೀಗರೂಟದಲ್ಲಿ ಜತೇಲಿ ಕೂತು ಒಂದ್ ಲೋಟ ಎತ್ತದೇ ಇರೋ ಬೀಗ ನಮ್ಗೆ ಒಗ್ಗಾಕಿಲ್ಲ. ಲೇ ಶಿವು, ಗಾಡಿ ತಿರುಗ್ಸು ಮಗ."

ಚಿಕ್ಕಮಾದು ಟವೆಲ್ಲು ಬಿಸಾಡಿ ಹೆದ್ದಾರಿಗೆ ಹಾರಿದ. "ನಿಲ್ಸಿ ಬೀಗ್ರೇ, ನಾನೇ ಚಿಕ್ಕಮಾದು. ನಾನ್ ಕುಡೀತೀನಿ. ಈಗ್ಲೂ ಕುಡ್ದಿವ್ನಿ."

ಕಾರು ಆಗಲೇ ತಿರುವು ದಾಟಿತ್ತು. ಚೆಲುವಯ್ಯ ಬಂದು ಅವನ ರಟ್ಟೆ ಹಿಡಿದ. "ಬಾ, ಇದನ್ನೇ ಸ್ಟೇಷನ್ನಲ್ಲಿ ಬರ್ದು ಕೊಡುವಂತೆ."

"ನಿಮ್ದು ಮುಗುದ್ಮೇಲೆ ನಮ್ ಕಡೀಕೆ ಕಳ್ಸಿ ಸಾ," ಎಂದರು ಪುಟ್ಟಲಕ್ಷ್ಮಿ.