ಹೆಂಡತಿ ಕ್ಯಾಮೆರಾ ಹಿಡಿದ ದಿನ

ಸ್ಟುಡಿಯೋ ಇಟ್ಟುಕೊಂಡವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಜನ ಕನ್ನಡಿಯ ಮುಂದೆ ಒಂದು ಮುಖ ಮಾಡಿಕೊಳ್ಳುತ್ತಾರೆ, ಕ್ಯಾಮೆರಾದ ಮುಂದೆ ಇನ್ನೊಂದು. ಈ ಎರಡರ ನಡುವೆ ಏನಾದರೊಂದು ಆಗುತ್ತಲೇ ಇರುತ್ತದೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರದ ನಮ್ಮ ಅಂಗಡಿಯಲ್ಲಿ ಅದನ್ನೆಲ್ಲ ನಾನು ಕ್ಯಾಮೆರಾದ ಹಿಂದೆ ನಿಂತು ನೋಡಿದವನು. ಹೋದ ವರ್ಷ ಒಂದು ದಿನ ಆ ಜಾಗದಲ್ಲಿ ನನ್ನ ಹೆಂಡತಿ ನಿಂತಳು.

ಅವಳು ಕೌಂಟರ್ ನೋಡಿಕೊಳ್ಳುವವಳು. ಫೋಟೋ ಕತ್ತರಿಸುವುದು, ಕವರಿಗೆ ಹಾಕುವುದು, ಬಂದವರ ಕೂದಲು ಸರಿಮಾಡುವುದು ಅವಳ ಕೆಲಸ. ಆ ಬೆಳಿಗ್ಗೆ ಇದ್ದಕ್ಕಿದ್ದಂತೆ, "ನಾನೂ ಫೋಟೋ ತೆಗಿಯೋದು ಕಲೀತೀನ್ರಿ" ಎಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

"ಇವತ್ತೊಂದು ದಿನ ಕೊಡ್ರಿ. ಸಂಜಿತನಕ ಬಂದೋರ ಫೋಟೋ ನಾನಾ ತೆಗೀತೀನಿ. ಚಲೋ ಬರಲಿಲ್ಲಂದ್ರ ಮತ್ತ ಕ್ಯಾಮೆರಾ ಮುಟ್ಟಂಗಿಲ್ಲ."

"ಚಲೋ ಬಂದ್ರ?"

"ದಿನಾ ನಾನಾ ತೆಗೀತೀನಿ. ನೀವು ಕೌಂಟರಿಗೆ ಕುಂದರ್ರಿ."

ಒಪ್ಪಿದೆ. ಬೆಳಕು ನೆರಳುಗಳ ಮೇಲೆ ಕಪಾಟಿನ ತುಂಬ ಪುಸ್ತಕ ಓದಿದವನು ನಾನು. ಮಧ್ಯಾಹ್ನದ ಊಟಕ್ಕೆ ಮೊದಲೇ ಅವಳು ಸೋಲುತ್ತಾಳೆಂದು ಲೆಕ್ಕ ಹಾಕಿದ್ದೆ.

ಮೊದಲ ಗಿರಾಕಿ

ಗಿರಾಕಿಗಳು ಬರುವ ಮೊದಲು ಕೈ ಪಳಗಲಿ ಎಂದು ನನ್ನನ್ನೇ ಕುರ್ಚಿಗೆ ಕೂರಿಸಿದಳು.

"ಸ್ವಲ್ಪ ನಗ್ರಿ."

ನಕ್ಕೆ.

"ನಗ್ರಿ ಅಂದ್ರ ಹಲ್ಲು ನೋವು ಬಂದಂಗ ಮುಖ ಮಾಡ್ತೀರಲ್ಲ."

ಇಷ್ಟು ವರ್ಷ ಊರಿಗೆಲ್ಲ ನಗಲು ಹೇಳಿದವನು ನಾನು. ಅದು ಇಷ್ಟು ಕಷ್ಟದ ಕೆಲಸವೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಗದ್ದ ಹಿಡಿದು ಎತ್ತಿದಳು. ಕ್ಯಾಮೆರಾದ ಮೆಮೊರಿ ಕಾರ್ಡು ಹಿಂದಿನ ದಿನದಿಂದ ಕಂಪ್ಯೂಟರಿನಲ್ಲೇ ಇದ್ದದ್ದು ನನಗೆ ಗೊತ್ತಿತ್ತು. ಹೇಳಲಿಲ್ಲ. ಎಲ್ಲ ಮುಗಿದ ಮೇಲೆ, "ಕಾರ್ಡಾ ಇಲ್ಲ. ಒಂದೂ ಉಳಿದಿಲ್ಲ" ಎಂದು ಗಂಭೀರವಾಗಿ ತಿಳಿಸಿದೆ. ಈಗ ಅವಳ ಮುಖ ಬಾಡುತ್ತದೆ ಎಂದು ಕಾದೆ.

"ಹೋಗ್ಲಿ ಬಿಡ್ರಿ" ಎಂದಳು, ಕಾರ್ಡು ಹಾಕಿಕೊಳ್ಳುತ್ತ. "ಅವು ಯಾರಿಗೂ ಬೇಕಾಗಿದ್ದಿಲ್ಲ."

ಜವಳದ ಕೂಸು

ನಮ್ಮ ಕಡೆ ಗಂಡುಕೂಸಿನ ಜವಳ ತೆಗೆದು ತಲೆ ಬೋಳಿಸುವ ಮೊದಲು, ಕೂದಲು ಇರುವಾಗಲೇ ಜಡೆ ಹೆಣೆದು, ಹೂ ಮುಡಿಸಿ, ಲಂಗ ತೊಡಿಸಿ ಒಂದು ಫೋಟೋ ತೆಗೆಸುತ್ತಾರೆ. ನಮ್ಮ ತಾಲ್ಲೂಕಿನ ಅರಸೀಕೆರೆಯಿಂದ ಬಂದ ತಾಯಿಯೊಬ್ಬಳು ಅಂಥ ಕೂಸನ್ನು ತಂದಳು. ಅದು ನನ್ನನ್ನು ನೋಡಿದ್ದೇ ಕಿಟಾರನೆ ಕಿರುಚಿತು.

ಹೆಂಡತಿ ಗಿಲಕಿ ಅಲ್ಲಾಡಿಸಿದಳು, ಕಾಗೆಯಂತೆ ಕೂಗಿದಳು. ಅಳು ನಿಲ್ಲಲಿಲ್ಲ. ಇದು ನನ್ನ ಹೊತ್ತು ಎಂದುಕೊಂಡು ಹೇಳಿದೆ: "ಮೊದಲು ಬೆಳಕು ಸರಿ ಮಾಡಬೇಕು. ಕೂಸಿನ ಮುಖದ ಮ್ಯಾಲ ನೆರಳು ಹೆಂಗ ಬೀಳತೈತಿ ಅಂದ್ರ..."

ಹೇಳುತ್ತ ಕೊಡೆ ಕಟ್ಟಿದ ಲೈಟನ್ನು ಎಳೆದೆ. ವೈರು ಕಾಲಿಗೆ ತೊಡರಿತು. ಕೊಡೆ ಬಂದು ನನ್ನ ತಲೆಯ ಮೇಲೆ ಕೂತಿತು. ಕೂಸು ಕೇಕೆ ಹಾಕಿ ನಕ್ಕಿತು. ಹೆಂಡತಿ ಕ್ಲಿಕ್ ಮಾಡಿದಳು.

ಪರದೆಯಲ್ಲಿ ನೋಡಿದೆ. ನಾನು ಫೋಟೋ ತೆಗೆದ ಯಾವ ಕೂಸೂ ಹಾಗೆ ನಕ್ಕಿರಲಿಲ್ಲ. ಹೊಟ್ಟೆಯಲ್ಲಿ ಏನೋ ಉರಿಯಿತು. ಬೆಳಿಗ್ಗೆ ತಿಂದ ಮೆಣಸಿನಕಾಯಿ ಬಜ್ಜಿ ಇರಬೇಕೆಂದು ಸಮಾಧಾನ ಮಾಡಿಕೊಂಡೆ.

ತಾಯಿಯೂ ಬಗ್ಗಿ ನೋಡಿದಳು. "ಬಾಳ ಚಲೋ ಬಂದೈತಿ ಅಕ್ಕಾ. ಆದ್ರ ಕಣ್ಣು ಒಂಚೂರು ಮುಚ್ಚೈತಿ." ಆಮೇಲೆ ನನ್ನ ಕಡೆ ತಿರುಗಿ ವಿನಯದಿಂದ ಕೇಳಿದಳು: "ಅಣ್ಣಾರ, ಇನ್ನೊಂದು ಸಲ ಬಡಿಸ್ಕೊಳ್ರಿ."

ಗ್ವಾಡಿಗೆ ಹಾಕೋ ಫೋಟೋ

ಮಧ್ಯಾಹ್ನ ಹೊಳಲಿನ ಕಡೆಯ ಕುರಿ ಸಾಕುವ ಅಜ್ಜನೊಬ್ಬ ಬಂದ. ಹೆಗಲಿಗೆ ಕಂಬಳಿ, ತಲೆಗೆ ಹೊಸ ರುಮಾಲು. ತಾನು ಹೋದ ಮೇಲೆ ಮನೆಯ ಗೋಡೆಗೆ ಹಾಕಲು ಫೋಟೋ ಬೇಕೆಂದ.

"ಅಜ್ಜಾ, ಸ್ವಲ್ಪ ನಗು" ಎಂದಳು ಹೆಂಡತಿ.

ನಾನು ತಡೆದೆ. "ಅಂಥ ಫೋಟೋಕ್ಕ ನಗಬಾರದು. ಗಂಭೀರ ಇರಬೇಕು."

ಅಜ್ಜ ನನ್ನ ಪರ ನಿಂತ. "ಖರೇ ಐತವ್ವ. ಸತ್ತಾಂವ ನಗತಾ ಕುಂತ್ರ ಮಂದಿ ಏನಂದಾರು?"

"ಅಳಾಕ ಅವರು ಅದಾರಲ್ಲ. ನೀ ಯಾಕ ಅಳಬೇಕು?"

ಅಜ್ಜ ಯೋಚಿಸಿದ. "ಅದೂ ಖರೇನ. ನನ್ನ ಸಣ್ಣ ಸೊಸಿ ನನಗೋಸ್ಕರ ಅಳೋದು ನೋಡಿದ್ರ ಎಂಥ ಹೆಣಕ್ಕಾದ್ರೂ ನಗು ಬರಬೇಕು" ಎಂದು ಬೊಚ್ಚುಬಾಯಿ ತೆರೆದ. ಹೆಂಡತಿ ಫೋಟೋ ತೆಗೆದಳು.

ನನಗೆ ಸುಮ್ಮನಿರಲಾಗಲಿಲ್ಲ. "ಅಜ್ಜಾ, ಹಿಂದಕ ನಮ್ಮಲ್ಲೇ ಒಂದು ತೆಗೆಸಿದ್ದಿಯಲ್ಲ? ಗಂಭೀರ ಇತ್ತಲ್ಲ ಅದು?"

"ಬಾಳ ಗಂಭೀರ ಇತ್ತಪ್ಪ. ತಂದು ಗ್ವಾಡಿಗಿ ಒರಗಿಸಿ ಇಟ್ಟಿದ್ದೆ. ಬಂದ ಬೀಗರು ಅದನ್ನ ನೋಡಿ, ನಾನು ಹಿತ್ತಲದಾಗ ಇದ್ದಾಗನ, ಯಾವಾಗ ಹೋದ ಅಂತ ಕೇಳ್ಯಾರ."

ಟಗರು

ಸಂಜೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ನಾನು ಕೌಂಟರಿನ ಸ್ಟೂಲನ್ನು ಆಗಲೇ ಬೇರೆ ಕಣ್ಣಿನಿಂದ ನೋಡತೊಡಗಿದ್ದೆ. ಆಗ ಕೊಟ್ಟೂರು ಕಡೆಯ ಅಣ್ಣತಮ್ಮಂದಿರಿಬ್ಬರು ಒಳಗೆ ಬಂದರು. ನಡುವೆ ಕಾಳಗದಲ್ಲಿ ಗೆದ್ದ ಟಗರು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ. ಅದರ ಫ್ಲೆಕ್ಸ್ ಹಾಕಿಸಬೇಕಂತೆ.

ಈ ಫೋಟೋ ಊರೆಲ್ಲ ನೋಡುತ್ತದೆ ಎಂದು ಹೊಳೆದದ್ದೇ ನಾನು ಹೆಂಡತಿಯ ಕೈಯಿಂದ ಕ್ಯಾಮೆರಾ ಕಿತ್ತುಕೊಂಡೆ. "ಇದು ನಿನ್ನ ಕೈಲೆ ಆಗಂಗಿಲ್ಲ."

"ಸಂಜಿತನಕ ಅಂತ ಒಪ್ಪಿದ್ರಿ..." ಎಂದಳು. ಒಳಗೆ ಹೋಗಿ ಹಳೆಯ ಕ್ಯಾಮೆರಾ ತಂದು ಮೂಲೆಯಲ್ಲಿ ನಿಂತಳು.

ಪ್ರಾಣಿಗಳ ಫೋಟೋವನ್ನು ಅವುಗಳ ಕಣ್ಣಿನ ಮಟ್ಟದಲ್ಲಿ ತೆಗೆಯಬೇಕೆಂದು ಓದಿದ್ದೆ. ಟಗರಿನ ಎದುರಿಗೆ ಮೊಣಕಾಲೂರಿ ಕೂತು ತಲೆ ಬಗ್ಗಿಸಿದೆ. ಟಗರು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಬೇಷ್" ಎಂದೆ. "ಇನ್ನೊಂಚೂರು ಹಿಂದ."

ಇನ್ನೊಂಚೂರು ಸರಿಯಿತು. ಅಷ್ಟು ಹೇಳಿದಂತೆ ಕೇಳುವ ಗಿರಾಕಿಯನ್ನು ನಾನು ಕಂಡಿರಲಿಲ್ಲ.

"ಅಣ್ಣಾರ, ಏಳ್ರಿ! ಅದು ಗುದ್ದಾಕ ಹಿಂದ ಸರಿಯಾಕತ್ತೈತಿ" ಎಂದ ಅಣ್ಣ.

"ಸುಮ್ನಿರ್ರಿ, ಚಲೋ ಬರಾಕತ್ತೈತಿ" ಎಂದು ಫ್ಲ್ಯಾಶ್ ಹೊಡೆದೆ.

ಟಗರು ಬಂತು. ಹಗ್ಗ ಹಿಡಿದಿದ್ದ ತಮ್ಮನೂ ಹಗ್ಗದ ಜೊತೆಗೇ ಬಂದ. ನಾನು ಕ್ಯಾಮೆರಾ ತಬ್ಬಿಕೊಂಡು ಪಕ್ಕಕ್ಕೆ ಉರುಳಿದೆ. ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿ ಎರಡು ಹೋಳಾಯಿತು.

ಧೂಳು ಇಳಿದ ಮೇಲೆ ನನ್ನ ಕ್ಯಾಮೆರಾದಲ್ಲಿ ನೋಡಿದರೆ ಬರೀ ಒಂದು ಮೂಗಿನ ಹೊಳ್ಳೆ. ಹೆಂಡತಿಯ ಫೋಟೋದಲ್ಲಿ ಟಗರಿನ ನಾಲ್ಕೂ ಕಾಲು ನೆಲ ಬಿಟ್ಟಿದ್ದವು, ಗೆಜ್ಜೆಸರ ಗಾಳಿಯಲ್ಲಿ ಹರಡಿತ್ತು. ಕೆಳಗೆ ಮೂಲೆಯಲ್ಲಿ ನನ್ನ ಎರಡು ಅಂಗಾಲು. ಅಣ್ಣತಮ್ಮಂದಿರು ಬಾಯಿ ತೆರೆದು ನೋಡಿದರು.

"ನನ್ನ ಕಾಲು ಕತ್ತರಿಸಿ ಕೊಡ್ತಾಳ" ಎಂದೆ, ಮಲಗಿದಲ್ಲಿಂದಲೇ.

"ಬ್ಯಾಡ್ರಿ ಅಣ್ಣಾರ, ಇರ್ಲಿ" ಎಂದ ತಮ್ಮ. "ಎದುರಾಳಿ ಕಂಡ್ರನ ಟಗರಿಗೆ ಶೋಭಾ."

ಫ್ಲೆಕ್ಸ್ ಬಸ್ ಸ್ಟ್ಯಾಂಡಿನ ಎದುರಿಗೇ ಎದ್ದು ನಿಂತಿತು. ನಾನು ಕೌಂಟರಿನ ಸ್ಟೂಲಿಗೆ ಬಂದೆ. ವಾರದೊಳಗೆ ಕೂಡ್ಲಿಗಿಯ ಕಡೆಯವನೊಬ್ಬ ಇನ್ನೂ ದೊಡ್ಡ ಟಗರು ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಅಕ್ಕಾರು ಅದಾರೇನ್ರಿ? ನಮಗೂ ಹಂಗಾ ಒಂದು ಫೋಟೋ ಬೇಕಾಗಿತ್ತು."

"ಬರ್ರಿ, ಬರ್ರಿ" ಎಂದು ಹೆಂಡತಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏಳ್ರಿ, ನೀವೂ ತಯಾರಾಗ್ರಿ."